ಬೋಗ್‌ನ ಹೆಸರು ಬರೆದವರು

ಮಿಂಡಾರ್
ಮಂಗಳವಾರ, 9 ಜೂನ್ 1959

ಪ್ರೀತಿಯ ಅಮ್ಮ,

ನೀನು ಹೆಣೆದು ಕಳಿಸಿದ ಸ್ವೆಟರ್ ತಲುಪಿತು. ತೋಳು ಒಂದಿಂಚು ಉದ್ದವಾಗಿದೆ, ಆದರೆ ಈ ಜೂನ್ ಚಳಿಗೆ ಅದೇ ಒಳ್ಳೆಯದಾಯಿತು. ಬೆಳಿಗ್ಗೆ ಶಾಲೆಯ ಬಾಗಿಲು ತೆಗೆದರೆ ಹಲಗೆಯ ಮೇಲೆ ನೀರಿನ ಪಸೆ ಇರುತ್ತದೆ, ಸೀಮೆಸುಣ್ಣ ಹಿಡಿಯುವುದೇ ಇಲ್ಲ. ನಾನು ಇಲ್ಲಿಗೆ ವರ್ಗವಾಗಿ ಒಂದೂವರೆ ವರ್ಷವಾಯಿತು, ಇವರ ಫುಟ್‌ಬಾಲ್ ತಂಡಕ್ಕೇ ಆಡುತ್ತಿದ್ದೇನೆ. ಆದರೂ ಮಕ್ಕಳು ನನ್ನನ್ನು ಕರೆಯುವುದು ಹುಟ್ಟೂರಿನ ಹೆಸರಿನಿಂದ, 'ಟಾರ್ನುಕ್ ಸಾರ್' ಎಂದೇ.

ಶನಿವಾರ ನಿಮ್ಮೂರಿಗೆ ಆಡಲು ಬರುತ್ತೇವೆ. ನಿನಗೆ ಮಾತ್ರ ಒಂದು ಸುದ್ದಿ. ನಮ್ಮ ತಂಡದ ಓಟಗಾರ ಸ್ವೀನಿಯ ಮಂಡಿ ಕುಂಬಳಕಾಯಿಯಂತೆ ಊದಿದೆ, ಅವನು ಆಡುವುದಿಲ್ಲ. ಆದರೆ ಗುರುವಾರ ಅಂಟಿಸುವ ನಮ್ಮ ತಂಡದ ಪಟ್ಟಿಯಲ್ಲಿ ಅವನ ಹೆಸರೇ ಇರುತ್ತದೆ. ಟಾರ್ನುಕ್‌ನವರು ಎರಡು ದಿನ ಸ್ವೀನಿಯ ಚಿಂತೆಯಲ್ಲೇ ಇರಲಿ ಎಂದು ನಮ್ಮ ಕೋಚ್‌ನ ಹಂಚಿಕೆ. ಅವನ ಜಾಗದಲ್ಲಿ, ಮುಂದಿನ ಸಾಲಿನ ನಟ್ಟನಡುವೆ, ನಿಲ್ಲುವವನು ನಾನು. ಇಷ್ಟು ದಿನ ಅಂಚಿನಲ್ಲಿ ಓಡಿಕೊಂಡಿದ್ದವನಿಗೆ ಇದು ದೊಡ್ಡ ಬಡ್ತಿ.

ಅಪ್ಪನಿಗೆ ಹೇಳಬೇಡ. ನಿಮ್ಮ ತಂಡ ಆರಿಸುವ ಮೂವರಲ್ಲಿ ಅವರೂ ಒಬ್ಬರು, ತಿಳಿದ ಮೇಲೆ ತಿಳಿಯದಂತೆ ಕೂರುವುದು ಅವರಿಂದಾಗದು.

ನಾಲ್ಕು ಪಂದ್ಯಗಳ ನಿಷೇಧ ಮುಗಿದು ನಿಮ್ಮ ತಂಡದ ಬೋಗ್ ಮತ್ತೆ ಬರುತ್ತಾನೋ ಎಂದು ಇಲ್ಲಿ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಹೋದ ತಿಂಗಳು ಅವನು ಬರಾಂಗ್ ತಂಡದವನೊಬ್ಬನ ಪಕ್ಕೆಲುಬು ಮುರಿದದ್ದನ್ನು ಯಾರೂ ಮರೆತಿಲ್ಲ. ನನಗೆ ಗೊತ್ತಿಲ್ಲ ಎಂದೆ. ನಂಬಲಿಲ್ಲ.

ಪಂದ್ಯ ಮುಗಿದ ಮೇಲೆ ಊಟಕ್ಕೆ ಮನೆಗೇ ಬರುತ್ತೇನೆ.

ನಿನ್ನ ಮಗ,
ನೆವಿಲ್


ಟಾರ್ನುಕ್
ಶುಕ್ರವಾರ, 12 ಜೂನ್

ಪ್ರೀತಿಯ ನೆವಿಲ್,

ನಿಮ್ಮಪ್ಪ ಬೆಳಿಗ್ಗೆ ಏಳಕ್ಕೆ ಅಂಗಡಿಯ ಗಾಜಿಗೆ ಪಟ್ಟಿ ಅಂಟಿಸಿದರು. ಯಾವಾಗಿನಂತೆ ಮಾಂಸ ಕಟ್ಟುವ ಕಾಗದ, ಅದೇ ದಪ್ಪ ಪೆನ್ಸಿಲ್. ಎಂಟರೊಳಗೆ ಹದಿನಾಲ್ಕು ಜನ ಸೇರಿದ್ದರು, ಸಾಸೇಜ್ ಕೊಂಡವರು ಮೂವರು.

ಬೋಗ್ ಹೆಸರಿದೆ. ಸ್ಟೇಷನ್ ಮಾಸ್ಟರ್‌ರ ಮಗ ಟೆಡ್ ಲೂಮಿಸ್‌ನನ್ನು ಕೈಬಿಟ್ಟಿದ್ದಾರೆ. ನಮ್ಮಲ್ಲಿ ಅವನಷ್ಟು ಓಡುವವರು ಇನ್ನೊಬ್ಬರಿಲ್ಲ.

ಟೆಲಿಫೋನ್ ಎಕ್ಸ್‌ಚೇಂಜಿನ ಡ್ಯಾಫ್ನಿ ಓಟ್ಸ್ ಮೊದಲು ಬಾಯಿ ತೆಗೆದಳು. 'ಇವರಿಗೇನು ತಲೆ ಕೆಟ್ಟಿದ್ಯಾ? ಸ್ವೀನಿ ಹಿಂದೆ ಬೋಗ್‌ನ ಬಿಡೋದಂದ್ರೆ ಮೊಲದ ಹಿಂದೆ ಎತ್ತು ಬಿಟ್ಟಂಗೆ!'

'ಎತ್ತು ಯಾಕಮ್ಮ ಓಡ್ಬೇಕು?' ಎಂದ ಮುದುಕ ಕ್ಲೆಮ್. ಅವನ ಹಲ್ಲು ಬಾಯಲ್ಲಿರಲಿಲ್ಲ, ಜೇಬಿನಲ್ಲಿದ್ದವು. 'ಮೊಲ ಓಡದಂಗೆ ಮಾಡಿದ್ರೆ ಮುಗೀತಲ್ಲ.'

'ನಾಲ್ಕು ವಾರ ಮನೇಲಿ ಕೂತು ತಿಂದು ಊದಿದಾನೆ ಕಣೋ.'

'ಒಳ್ಳೇದೇ ಆಯ್ತು. ಮೇಲೆ ಬಿದ್ರೆ ಭಾರ ಜಾಸ್ತಿ.'

ಅಷ್ಟರಲ್ಲಿ ಲೂಮಿಸ್‌ನ ತಾಯಿ ಬಂದಳು. ಎಲ್ಲರೂ ಕೆಮ್ಮಿಕೊಂಡರು. ಆರು ಕುರಿಚಾಪ್ಸ್ ಎಂದಳು. ನಾನು ಕತ್ತರಿಸಿ, ತೂಗಿ, ಕಟ್ಟಿದೆ. ಕಟ್ಟಿದ ಮೇಲೆ ಕೇಳಿದಳು: 'ನನ್ನ ಮಗನ್ನ ಬಿಟ್ಟಿದ್ದು ಯಾರು ಎನಿಡ್? ನಿನ್ನ ಗಂಡಾನಾ, ಕೋಚಾ?' ನಾನು ಉತ್ತರ ಕೊಡುವ ಮೊದಲೇ ಚಾಪ್ಸ್ ಅಲ್ಲೇ ಬಿಟ್ಟು ಹೋದಳು. ಕ್ಲೆಮ್ ಆ ಪೊಟ್ಟಣವನ್ನೇ ನೋಡುತ್ತ, 'ಬೇಡ ಅಂದ್ರೆ ನಾನು ತಗೋತೀನಪ್ಪ,' ಎಂದ.

ಯಾಕೆ ಬೋಗ್ ಎಂದು ನೀನೂ ಕೇಳುವೆ. ನಿನ್ನೆ ಸಂಜೆ ನಿಮ್ಮಪ್ಪ, ಕೋಚ್ ಬ್ರೋಫಿ, ಗೋಧಿ ಕಣಜದ ಸ್ಟ್ಯಾನ್ ಮೂವರೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಗಂಟೆ ಕೂತಿದ್ದರು. ನಾನು ಟೀ ಕೊಟ್ಟು ಬಂದೆ. ಅವರು ಏನೆಂದುಕೊಂಡರೋ ನನಗೆ ತಿಳಿಯದು.

ನಾಳೆ ಹುಷಾರಾಗಿ ಆಡು. ಚೆಂಡು ನಿನ್ನ ಹತ್ತಿರ ಇಲ್ಲದಾಗಲೂ ಸುತ್ತ ನೋಡುತ್ತಿರು. ಈ ಪತ್ರ ಪಂದ್ಯದ ಮೊದಲು ನಿನ್ನ ಕೈಸೇರದು ಎಂದು ಗೊತ್ತಿದೆ. ಫೋನ್ ಮಾಡೋಣವೆಂದರೆ ಡ್ಯಾಫ್ನಿ ಕಿವಿಗೊಟ್ಟು ಕೂತಿರುತ್ತಾಳೆ. ಆದರೂ ಬರೆದಿದ್ದೇನೆ.

ನಿನ್ನ ಅಮ್ಮ,
ಎನಿಡ್


ಟಾರ್ನುಕ್
ಗುರುವಾರ, 18 ಜೂನ್

ಪ್ರೀತಿಯ ನೆವಿಲ್,

ಬ್ಯಾಲರಾಟ್ ಆಸ್ಪತ್ರೆಯಿಂದ ನಿನ್ನೆ ಬಂದೆ. ಇನ್ನೊಂದು ವಾರ ಯಾರನ್ನೂ ಒಳಗೆ ಬಿಡುವುದಿಲ್ಲವೆಂದು ವಾರ್ಡಿನ ಸಿಸ್ಟರ್ ಹೇಳಿದರು. ಈ ಪತ್ರವನ್ನು ಅವರೇ ನಿನಗೆ ಓದಿ ಹೇಳುತ್ತಾರಂತೆ. ಏನಾಯಿತೆಂದು ನಿನಗೆ ನೆನಪಿಲ್ಲ ಎಂದರು. ನಾನು ನೋಡಿದ್ದನ್ನು ನೋಡಿದಂತೆ ಬರೆಯುತ್ತೇನೆ.

ಆಟದ ನಾಲ್ಕು ಕ್ವಾರ್ಟರ್‌ಗಳಲ್ಲಿ ಮೊದಲನೆಯದು, ಹನ್ನೊಂದನೇ ನಿಮಿಷ. ಚೆಂಡು ಮೈದಾನದ ಆ ಕೊನೆಯಲ್ಲಿತ್ತು, ಅಂಪೈರ್‌ ಮೂವರೂ ಅತ್ತ ನೋಡುತ್ತಿದ್ದರು. ನೀನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ. ಬೋಗ್ ನಿನ್ನ ಎಡಹಿಂದಿನಿಂದ ನಾಲ್ಕು ಹೆಜ್ಜೆ ಓಡಿ ಬಂದು, ಮೊಣಕೈ ಮಡಚಿ, ಮುಖಕ್ಕೆ ಹೊಡೆದ. ನೀನು ಬೀಳುವಾಗ ಕೈ ಊರಲಿಲ್ಲ. ಹಾಗೆ ಬೀಳುವುದನ್ನು ನಾನು ನೋಡಿದ್ದು ನಿಮ್ಮಪ್ಪನ ಕಸಾಯಿಖಾನೆಯಲ್ಲಿ ಮಾತ್ರ. ಬಿದ್ದ ಮೇಲೆ ಅವನು ಬೂಟುಗಾಲಿನಲ್ಲಿ ಇನ್ನೊಂದು ಸಲ ಒದ್ದ.

ನಾನು ಬೇಲಿಯ ಕೆಳಗೆ ನುಸುಳಿ ಓಡಿದೆ. ನಾನು ತಲುಪುವ ಹೊತ್ತಿಗೆ ನಿಮ್ಮ ತಂಡದ ಅತಿ ಎತ್ತರದ ಹುಡುಗ ಬೋಗ್‌ನ ಕುತ್ತಿಗೆಗೆ ಕೈ ಹಾಕಿದ್ದ, ಅವನನ್ನು ನಮ್ಮವರಿಬ್ಬರು ಹೊಟ್ಟೆಗೆ ಗುದ್ದುತ್ತಿದ್ದರು. ಆಮೇಲೆ ಎರಡೂ ತಂಡಗಳ ಮೂವತ್ತಾರು ಆಟಗಾರರೂ ಹೊಡೆದಾಟಕ್ಕಿಳಿದರು. ಜನ ಬೇಲಿ ಹಾರಿದರು. ಮಿಂಡಾರ್‌ನ ಒಬ್ಬ ಹೆಂಗಸು ಸ್ಟ್ಯಾನ್‌ನ ಹಣೆಗೆ ಬಿಸಿ ಟೀ ತುಂಬಿದ ಫ್ಲಾಸ್ಕಿನಿಂದ ಹೊಡೆದಳು. ನಿನ್ನ ತಲೆ ನನ್ನ ಮಡಿಲಲ್ಲಿತ್ತು. ನಮ್ಮ ಮೇಲೆ ಯಾರೋ ಎಡವಿ ಬಿದ್ದರು, ಎದ್ದು ಮತ್ತೆ ಹೊಡೆಯಲು ಹೋದರು. ನಿನ್ನ ಎಡಗಣ್ಣಿದ್ದ ಕಡೆ ನೋಡಬಾರದೆಂದುಕೊಂಡೆ. ನೋಡಿದೆ.

ಹತ್ತು ನಿಮಿಷದ ಮೇಲೆ ಆಟ ಮುಂದುವರಿಯಿತಂತೆ. ನಲವತ್ತೊಂದು ಅಂಕಗಳಿಂದ ನಾವು ಗೆದ್ದೆವಂತೆ. ನಾನು ನಿನ್ನ ಜೊತೆ ಆಂಬುಲೆನ್ಸ್‌ನಲ್ಲಿದ್ದೆ. ನಿಮ್ಮಪ್ಪ ಪಂದ್ಯ ಮುಗಿಸಿಕೊಂಡು ಹಿಂದಿನಿಂದ ಬಂದರು.

ಇಪ್ಪತ್ತೈದು ವರ್ಷ ನಿಮ್ಮಪ್ಪನ ಏಪ್ರನ್ ಒಗೆದ ಕೈ ಇದು. ರಕ್ತ ತಣ್ಣೀರಿನಲ್ಲಿ ಹೋಗುತ್ತದೆ ಎಂದು ಊರಿಗೆಲ್ಲ ಹೇಳಿಕೊಡುವವಳು ನಾನು. ಆ ದಿನದ ಕೋಟನ್ನು ಇನ್ನೂ ನೀರಿಗೆ ಹಾಕಿಲ್ಲ.

ನಿನ್ನ ಅಮ್ಮ


ಬ್ಯಾಲರಾಟ್
ಮಂಗಳವಾರ, 30 ಜೂನ್

ಪ್ರೀತಿಯ ಅಮ್ಮ,

ಸಾಲು ಇಳಿಜಾರಾಗಿದ್ದರೆ ಕ್ಷಮಿಸು. ಕಾಗದ ಎಲ್ಲಿ ಮುಗಿಯುತ್ತದೆಂದು ಗೊತ್ತಾಗುತ್ತಿಲ್ಲ.

ವೈದ್ಯರು ನಿನ್ನೆ ಎಲ್ಲ ಹೇಳಿದರು. ಕಣ್ಣಿನ ಸುತ್ತಲಿನ ಮೂಳೆ ಮೂರು ಕಡೆ ಮುರಿದಿದೆ, ಅದು ಕೂಡುತ್ತದೆ. ಮೂರು ಹಲ್ಲು ಹೋಗಿವೆ. ಎಡಗಣ್ಣಿನ ದೃಷ್ಟಿ ಮತ್ತೆ ಬರುವುದಿಲ್ಲ. ಮುಂದಿನ ತಿಂಗಳು ಶಾಲೆಗೆ ಹೋಗಬಹುದು. ಫುಟ್‌ಬಾಲ್ ಮುಗಿಯಿತು.

ಮಿಂಡಾರ್ ಕ್ಲಬ್ಬಿನವರು ಲೀಗಿನ ಶಿಸ್ತು ಸಮಿತಿಗೆ ದೂರು ಕೊಟ್ಟಿದ್ದಾರೆ. ಅಂಪೈರ್‌ ಯಾರೂ ನೋಡಿಲ್ಲ, ಬೇಲಿಯ ಹೊರಗಿದ್ದವರ ಮಾತು ಸಾಲದು, ಆದ್ದರಿಂದ ನಾನೇ ಬಂದು ಹೇಳಬೇಕಂತೆ. ನಾನು ಹೇಳಿದರೆ ಬೋಗ್‌ಗೆ ಆಯುಷ್ಯವಿಡೀ ನಿಷೇಧ ಎಂದು ಇಲ್ಲಿಗೆ ಬಂದ ಸ್ವೀನಿ ಹೇಳಿದ.

ಪೂರ್ತಿ ಮರೆತಿಲ್ಲ, ಅಲ್ಲಲ್ಲಿ ನೆನಪಿದೆ. ನಮ್ಮ ಪಟ್ಟಿಯಲ್ಲಿ ಸ್ವೀನಿಯ ಹೆಸರಿತ್ತು. ನಮ್ಮ ಹುಡುಗರಲ್ಲಿ ಅರ್ಧ ಜನಕ್ಕೆ ಮೈದಾನಕ್ಕಿಳಿಯುವವರೆಗೂ ವಿಷಯ ಗೊತ್ತಿರಲಿಲ್ಲ. ಆದರೆ ಬೋಗ್ ಸ್ವೀನಿಯನ್ನು ಹುಡುಕಲೇ ಇಲ್ಲ. ಮೊದಲ ಸೀಟಿಗೂ ಮುಂಚೆ ನೇರ ನನ್ನ ಪಕ್ಕಕ್ಕೆ ಬಂದು ನಿಂತ.

ಇದಕ್ಕೆ ಉತ್ತರ ಬರೆಯಬೇಕಿಲ್ಲ.

ನೆವಿಲ್


ಟಾರ್ನುಕ್
ಬುಧವಾರ, 15 ಜುಲೈ

ಪ್ರೀತಿಯ ನೆವಿಲ್,

ನಿನ್ನೆ ಸಮಿತಿಯಲ್ಲಿ ನಡೆದದ್ದನ್ನು ನಿಮ್ಮಪ್ಪ ಬಂದು ಹೇಳಿದರು. ಬೆಳಿಗ್ಗೆ ಅಂಗಡಿಯಲ್ಲಿ ಮತ್ತೆ ಹೇಳಿದರು, ಕೇಳಿದವರಿಗೆಲ್ಲ ಹೇಳುತ್ತಿದ್ದಾರೆ. ಅಧ್ಯಕ್ಷರು, 'ನಿನ್ನ ಹೊಡೆದವರು ಯಾರಪ್ಪ?' ಎಂದರಂತೆ.

'ನೋಡ್ಲಿಲ್ಲ ಸಾರ್.'

'ಒಂದು ಕಣ್ಣು ಹೋಗಿದೆಯಲ್ಲ?'

'ಏನಕ್ಕೋ ಬಡಿದಿರ್ಬೇಕು ಸಾರ್.'

'ಏನಕ್ಕೆ?'

'ನೆಲಕ್ಕೆ ಸಾರ್.'

ಎಲ್ಲರೂ ನಕ್ಕರಂತೆ. ಬೋಗ್ ಬಿಡುಗಡೆಯಾದ. ಹೊರಗೆ ಬಂದು ನಿನ್ನ ಕೈ ಕುಲುಕಿದನಂತೆ.

ಊರೆಲ್ಲ ನಿನ್ನದೇ ಮಾತು. 'ಮಿಂಡಾರ್ ಬನಿಯನ್ ಹಾಕಿದ್ರೇನು, ಒಳಗಿರೋದು ಟಾರ್ನುಕ್ ರಕ್ತ,' ಎಂದ ಕ್ಲೆಮ್. ಬೇಲಿಯೊಳಗೆ ಆದದ್ದು ಬೇಲಿಯೊಳಗೇ ಇರಬೇಕು, ಹೊಡೆಸಿಕೊಂಡವನು ಬಾಯಿ ಬಿಡಬಾರದು. ನಾನೂ ಇದರಲ್ಲೇ ಬೆಳೆದವಳು. ನನ್ನ ತಮ್ಮ ಮುರಿದ ದವಡೆಗೆ ತಂತಿ ಹಾಕಿಸಿಕೊಂಡು ಸಮಿತಿಯ ಮುಂದೆ ಕೂತು, ಕುದುರೆ ಒದೆಯಿತು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಆಗ ನಾನು ಚಪ್ಪಾಳೆ ತಟ್ಟಿದ್ದೆ. ಇವತ್ತು ಎಲ್ಲರೂ ನನ್ನ ಬೆನ್ನು ತಟ್ಟುತ್ತಿದ್ದಾರೆ. ಕತ್ತರಿಸುವ ಕೆಲಸವಿದೆ ಎಂದು ನಾನು ಹಿಂದಿನ ಕೋಣೆಗೆ ಹೋಗಿಬಿಡುತ್ತೇನೆ.

ನೀನು ನಿಮ್ಮಪ್ಪನ ಜೊತೆ ಮಾತಾಡಲಿಲ್ಲವಂತೆ. ಅವರಿಗೆ ನೋವಾಗಿದೆ.

ನಿನ್ನ ಹಿಂದಿನ ಪತ್ರದ ವಿಷಯ. ಉತ್ತರ ಬೇಡ ಎಂದಿದ್ದೆ. ಅದಕ್ಕೇ ಬರೆದಿಲ್ಲ.

ನಿನ್ನ ಅಮ್ಮ


ಮಿಂಡಾರ್
ಬುಧವಾರ, 22 ಜುಲೈ

ಅಮ್ಮ,

ಶಾಲೆಗೆ ಹೋಗುತ್ತಿದ್ದೇನೆ. ಟೀ ಬಗ್ಗಿಸುವಾಗ ಲೋಟದ ಅಂಚಿಗೆ ಕೆಟಲಿನ ಮೂತಿ ತಾಗಿಸಿಕೊಂಡೇ ಬಗ್ಗಿಸಬೇಕು, ಇಲ್ಲದಿದ್ದರೆ ಮೇಜಿಗೆ ಬೀಳುತ್ತದೆ. ಹಿಂದಿನ ಬೆಂಚಿನ ಹುಡುಗರು ನನ್ನ ಎಡಕ್ಕೆ ನಿಂತು ಮುಖ ಸೊಟ್ಟ ಮಾಡುತ್ತಾರೆ. ಉಳಿದವರು ನಗುವುದರಿಂದ ನನಗೆ ಗೊತ್ತಾಗುತ್ತದೆ.

ಬೋಗ್ ಕೈ ಕುಲುಕಿದ್ದು ನಿಜ. ಕುರಿ ಬೋಳಿಸುವವರ ಕೈಯಲ್ಲವೇ, ಉಣ್ಣೆಯ ಜಿಡ್ಡಿಗೆ ಅಂಗೈ ಹೆಂಗಸರ ಕೈಯಂತೆ ಮೆತ್ತಗಿತ್ತು. ರಾತ್ರಿ ಮೂರು ಸಲ ಸೋಪು ಹಾಕಿ ತೊಳೆದೆ.

ಇನ್ನು ಆ ವಿಷಯ ಬರೆಯಬೇಡ. ತಂಡದ ಸುದ್ದಿಯೂ ಬೇಡ.

ನೆವಿಲ್


ಟಾರ್ನುಕ್
ಶುಕ್ರವಾರ, 18 ಸೆಪ್ಟೆಂಬರ್

ಪ್ರೀತಿಯ ನೆವಿಲ್,

ಎರಡು ತಿಂಗಳು ನೀನು ಹೇಳಿದಂತೆ ಹವಾಮಾನ, ಕೋಳಿ, ನೆಗಡಿ ಎಂದಷ್ಟೇ ಬರೆದೆ. ಇವತ್ತು ಮಾತು ಮೀರುತ್ತಿದ್ದೇನೆ. ನಾಳೆ ಬರಾಂಗ್‌ನಲ್ಲಿ ಫೈನಲ್, ಮತ್ತೆ ನಾವೂ ನೀವೂ.

ನಿನ್ನೆ ಸಂಜೆ ಆಯ್ಕೆಗೆ ಕೂರುವ ಮೊದಲು ನಿಮ್ಮಪ್ಪನ ಮುಂದೆ ನಿಂತು ಹೇಳಿದೆ, 'ಬೋಗ್ ಹೆಸರು ಬರೀಬೇಡಿ.'

'ನಾನು ಬರೀದಿದ್ರೆ ಬ್ರೋಫಿ ಬರೀತಾನೆ.'

'ಬ್ರೋಫಿ ಬರೀಲಿ. ನಿಮ್ಮ ಕೈ ಯಾಕೆ?'

'ಎನಿಡ್, ಹನ್ನೊಂದು ವರ್ಷ ಆಯ್ತು ಲೀಗಿನ ಕಪ್ ಈ ಊರಿಗೆ ಬಂದು.' ಆಮೇಲೆ ದನಿ ತಗ್ಗಿಸಿ, 'ಭುಜ ಕೊಟ್ಟು ಕೆಡವ್ತಾನೆ ಅಂದ್ಕೊಂಡಿದ್ದೆ ಕಣೆ. ಕಣ್ಣಿಗೇ ಹಾಕ್ತಾನೆ ಅಂತ ನಂಗೇನು ಗೊತ್ತಿತ್ತು?' ಎಂದರು. ಹೋಗಿ ಬರೆದರು.

ಬೆಳಿಗ್ಗೆ ಗಾಜಿನ ಮುಂದೆ ನಲವತ್ತು ಜನ. ಡ್ಯಾಫ್ನಿ ಪಟ್ಟಿಯನ್ನು ಜೋರಾಗಿ ಓದಿದಳು, ಬೋಗ್ ಹೆಸರು ಬಂದಾಗ ಕೂಗಿದರು, ಸಿಳ್ಳೆ ಹಾಕಿದರು. 'ಬೋಗ್ ಬೇಡ ಅನ್ನೋರು ಯಾರಾದ್ರೂ ಇದೀರೇನ್ರಪ್ಪ?' ಎಂದಳು, ತಮಾಷೆಗೆ.

'ನಾನಿದೀನಿ,' ಎಂದೆ. ಕೈಯಲ್ಲಿ ಕೊಚ್ಚುಗತ್ತಿ ಇತ್ತು, ಅದನ್ನೇ ಎತ್ತಿದೆ.

ಕ್ಲೆಮ್ ಮೆಲ್ಲಗೆ ಹೇಳಿದ, 'ನಿನ್ನ ಮಾತು ಬೇರೆ ಬಿಡಮ್ಮ. ನೀನು ತಾಯಿ.'

'ತಾಯಿ ಅಂತ ಅಲ್ಲ ಕ್ಲೆಮ್. ಅವತ್ತು ಹೇಳಿಕೊಟ್ಟೋಳೇ ನಾನು.'

ಅಲ್ಲೇ, ಎಲ್ಲರ ಮುಂದೆ ಹೇಳಿದೆ. ನಿನಗೂ ಬರೆಯುತ್ತೇನೆ. ಜೂನ್ ಹನ್ನೊಂದರ ಸಂಜೆ ಟೀ ಕೊಡಲು ಹೋದಾಗ ನಿಮ್ಮಪ್ಪ ಬೋಗ್‌ನನ್ನು ಬಿಡೋಣ ಎನ್ನುತ್ತಿದ್ದರು. ಸ್ವೀನಿಯ ಕಾಲಿಗೆ ಇವನು ಸಮನಲ್ಲ, ಲೂಮಿಸ್ ಇರಲಿ ಎನ್ನುತ್ತಿದ್ದರು. ಸ್ಟ್ಯಾನ್ ಕೂಡ ಒಪ್ಪಿದ್ದ. ನಾನು ಹೇಳಿದೆ: ಸ್ವೀನಿ ಆಡುವುದಿಲ್ಲ, ಅವನ ಜಾಗದಲ್ಲಿ ನಮ್ಮ ನೆವಿಲ್. ಆಮೇಲೆ ಬ್ರೋಫಿ, 'ನಡುವೆ ಒಂದೇ ಕಡೆ ನಿಂತು ಆಡ್ಬೇಕಲ್ಲವಾ ನೆವಿಲ್? ಹಂಗಾದ್ರೆ ಬೋಗ್ ಸಾಕು,' ಎಂದ. ನಿಮ್ಮಪ್ಪ ನನ್ನ ಮುಖ ನೋಡಿದರು. ನಾನು ಟೀ ಬಗ್ಗಿಸಿದೆ. ಅವರು ಲೂಮಿಸ್‌ನ ಹೆಸರು ಹೊಡೆದು ಬೋಗ್ ಎಂದು ಬರೆದರು.

ಇದನ್ನು ಕೇಳಿ ಅಂಗಡಿಯಲ್ಲಿ ಜನ ಏನು ಮಾಡುತ್ತಾರೆಂದು ನಾನು ಹೆದರಿದ್ದೆ. ಉಗಿಯುತ್ತಾರೆ ಎಂದುಕೊಂಡಿದ್ದೆ. ಆದರೆ ಕ್ಲೆಮ್ ಕಟ್ಟೆಗೆ ಗುದ್ದಿ, 'ಭಲೇ ಎನಿಡ್!' ಎಂದ. 'ಹೆತ್ತ ಮಗನಿಗಿಂತ ಕ್ಲಬ್ಬು ದೊಡ್ಡದು ಅಂದಳು ನೋಡ್ರೋ!' ಎಲ್ಲರೂ ಚಪ್ಪಾಳೆ ತಟ್ಟಿದರು ನೆವಿಲ್. ಡ್ಯಾಫ್ನಿ ಕಟ್ಟೆಯ ಮೇಲೆ ಬಗ್ಗಿ ನನ್ನ ಕೆನ್ನೆಗೆ ಮುತ್ತಿಟ್ಟಳು. ಲೂಮಿಸ್‌ನ ತಾಯಿಯೊಬ್ಬಳು ಮಾತ್ರ, 'ಓ, ನನ್ನ ಮಗನ ಜಾಗ ತಪ್ಪಿಸಿದೋಳು ನೀನಾ?' ಎಂದು ಬೈದಳು. ಇಡೀ ಊರಿನಲ್ಲಿ ಬೈದವಳು ಅವಳೊಬ್ಬಳೇ. ಅವಳ ಕೈ ಹಿಡಿದುಕೊಳ್ಳಬೇಕು ಎನ್ನಿಸಿತು.

ನೀನು ಸ್ವೀನಿಯ ಜಾಗಕ್ಕೆ ಏರಿದೆ ಎಂಬ ಹೆಮ್ಮೆಗೆ ಬಾಯಿ ತಪ್ಪಿತು. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ನಾಳೆ ನಿಮ್ಮ ಹುಡುಗರಿಗೆ ಹೇಳು, ಬೆನ್ನು ಅವನ ಕಡೆ ತಿರುಗಿಸಬಾರದು ಎಂದು. ಈ ಸಲ ಪತ್ರವನ್ನು ಅಂಚೆಗೆ ಹಾಕದೆ ಹಾಲಿನ ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಎನಿಡ್


ಮಿಂಡಾರ್
ಸೋಮವಾರ, 21 ಸೆಪ್ಟೆಂಬರ್

ಅಮ್ಮ,

ಲಾರಿಯವನು ಪತ್ರ ತಲುಪಿಸಿದ. ಎಲ್ಲರಿಗೂ ಹೇಳಿದೆ. ಇಯನ್ ಪ್ಯಾಟುಲೋಗೆ ಎರಡು ಸಲ ಹೇಳಿದೆ, ಅವನು ಹತ್ತೊಂಬತ್ತು ವರ್ಷದ ಹುಡುಗ, ನಾನು ಆಡಬೇಕಿದ್ದ ಜಾಗ ಅವನದು. 'ನೋಡ್ಕೋತೀನಿ ಬಿಡಿ ಸಾರ್,' ಎಂದು ನಕ್ಕ. ಹೋದ ವರ್ಷ ಇದೇ ಶಾಲೆಯಲ್ಲಿ ನನ್ನ ಹತ್ತಿರ ಓದಿದವನು, ಸಾರ್ ಎನ್ನುವ ರೂಢಿ ಹೋಗಿರಲಿಲ್ಲ.

ನೀನು ಪಂದ್ಯಕ್ಕೆ ಬಂದಿರಲಿಲ್ಲವೆಂದು ತಿಳಿಯಿತು. ಆದ್ದರಿಂದ ಈ ಸಲ ನೋಡಿದ್ದನ್ನು ನೋಡಿದಂತೆ ಬರೆಯುವ ಸರದಿ ನನ್ನದು.

ಮೂರನೇ ಕ್ವಾರ್ಟರ್ ಮುಗಿಯಲು ಎರಡು ನಿಮಿಷವಿತ್ತು, ನಾವು ಎಂಟು ಅಂಕ ಮುಂದಿದ್ದೆವು. ಪ್ಯಾಟುಲೋ ಚೆಂಡಿಗೆ ನೆಗೆದು ಹಿಡಿದು, ಒದ್ದು, ಆಯ ತಪ್ಪಿ ಮಂಡಿಯೂರಿದ. ಚೆಂಡು ಹೋದ ಕಡೆಗೆ ಎಲ್ಲರೂ ತಿರುಗಿದರು. ಬೋಗ್ ತಿರುಗಲಿಲ್ಲ. ಹುಡುಗನ ಕೂದಲು ಹಿಡಿದು, ಮಂಡಿಯಿಂದ ಹಣೆಯ ಪಕ್ಕಕ್ಕೆ ಗುದ್ದಿದ. ಹುಡುಗ ಮಲಗಿದ. ಬೋಗ್ ಮತ್ತೆ ಎತ್ತಿ ಮತ್ತೆ ಗುದ್ದಿದ. ಹೊಸ ಮೊಳೆಯನ್ನು ಮರಕ್ಕೆ ಹೊಡೆಯುವವನಂತೆ, ಸಿಟ್ಟಿಲ್ಲದೆ ಹೊಡೆದ. ನಾನು ನೀರಿನ ಬಕೆಟ್ ಹಿಡಿದು ಗೆರೆಯ ಹೊರಗೆ ಇಪ್ಪತ್ತು ಗಜ ದೂರದಲ್ಲಿದ್ದೆ. ನನಗಿರುವುದು ಒಂದೇ ಕಣ್ಣು, ಅದಕ್ಕೆ ಸ್ಪಷ್ಟವಾಗಿ ಕಂಡಿತು.

ಜನ ಒಳಗೆ ನುಗ್ಗಿದರು. ಗೆರೆಯ ಬಾವುಟದ ಕೋಲುಗಳನ್ನು ಕಿತ್ತು ಹೊಡೆದಾಡಿದರು. ಸ್ವೀನಿಯ ಅಣ್ಣನ ಕಿವಿ ಹರಿಯಿತು. ಅಪ್ಪ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದುತ್ತಿದ್ದರು. ನಾನು ಹಿಂದಿನಿಂದ ಹೋಗಿ ತೋಳು ಹಿಡಿದೆ. ಥಟ್ಟನೆ ಎದ್ದು ತಿರುಗಿ ನನ್ನ ಮೇಲೆ ಕೈಯೆತ್ತಿದರು. ನಾನು ಯಾರೆಂದು ಅವರಿಗೆ ಗುರುತಾಗುವವರೆಗೆ ಆ ಮುಷ್ಟಿ ಹಾಗೇ ಮೇಲಿತ್ತು. ಗುರುತಾದ ಮೇಲೆ, 'ನೀನಿಲ್ಲಿ ಯಾಕಪ್ಪ ಬಂದೆ?' ಎಂದರು.

ಮೂರು ಅಂಕಗಳಿಂದ ನೀವು ಗೆದ್ದಿರಿ. ಪ್ಯಾಟುಲೋಗೆ ತಲೆಬುರುಡೆ ಬಿರುಕು ಬಿಟ್ಟಿದೆ. ಇನ್ನೂ ಎಚ್ಚರವಾಗಿಲ್ಲ. ಅವನ ತಾಯಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನ ಬೂಟುಗಳನ್ನು ಹಿಡಿದುಕೊಂಡು ಕೂತಿದ್ದಾರೆ.

ಈಗ ಇನ್ನೊಂದು ಮಾತು. ಶುಕ್ರವಾರದ ನಿನ್ನ ಪತ್ರದಲ್ಲಿ ನನಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಜೂನ್‌ನಲ್ಲಿ ಬೋಗ್ ನನ್ನ ಪಕ್ಕಕ್ಕೆ ಬಂದು ನಿಂತಾಗ ಹೇಳಿದ್ದ, 'ಇಲ್ಲೇ ಸಿಗ್ತೀಯ ಅಂತ ನಿಮ್ಮಮ್ಮ ಹೇಳಿದ್ರಂತೆ ಕಣೋ.' ಆಸ್ಪತ್ರೆಯಲ್ಲಿ ಮೊದಲು ನೆನಪಾದದ್ದೇ ಅದು.

ಸಮಿತಿಯ ಮುಂದೆ ನಾನು ಬಾಯಿ ಮುಚ್ಚಿಕೊಂಡದ್ದು ನಮ್ಮ ಪದ್ಧತಿಗಾಗಿ ಅಲ್ಲ. ಬೋಗ್ ಎಂದಿದ್ದರೆ, ಅವನೇನಾದರೂ ಮಾತಾಡಿದನೇ ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಬರಬಾರದೆಂದು ನೆಲಕ್ಕೆ ಬಡಿಯಿತು ಎಂದೆ. ಅಂದು ನಾನು ನಿಜ ಹೇಳಿದ್ದರೆ ಬೋಗ್ ಶನಿವಾರ ಮೈದಾನದಲ್ಲಿರುತ್ತಿರಲಿಲ್ಲ. ನಿನ್ನನ್ನು ಉಳಿಸಲು ಹೋಗಿ ಆ ಹುಡುಗನನ್ನು ಕೊಟ್ಟೆ.

29ರ ಮಂಗಳವಾರ ಸಂಜೆ ಆರಕ್ಕೆ ಬರಾಂಗ್‌ನಲ್ಲಿ ಸಮಿತಿ ಸೇರುತ್ತದೆ. ಈ ಸಲವೂ ಅಂಪೈರ್‌ ಯಾರೂ ನೋಡಿಲ್ಲ. ನಾನು ಹೋಗುತ್ತೇನೆ. ಶನಿವಾರದ್ದನ್ನೂ ಹೇಳುತ್ತೇನೆ, ಜೂನ್‌ನದ್ದನ್ನೂ ಹೇಳುತ್ತೇನೆ. ಏನಂದ ಎಂದು ಕೇಳಿದರೆ ಅದನ್ನೂ ಹೇಳುತ್ತೇನೆ. ನಿನ್ನ ಹೆಸರು ಬರುತ್ತದೆ, ಅಪ್ಪನದೂ ಬರುತ್ತದೆ. ಬೇರೆಯವರ ಬಾಯಿಂದ ನಿನಗೆ ತಿಳಿಯಬಾರದೆಂದು ಬರೆದಿದ್ದೇನೆ.

ನೆವಿಲ್


ಟಾರ್ನುಕ್
ಗುರುವಾರ, 24 ಸೆಪ್ಟೆಂಬರ್

ನೆವಿಲ್,

ನಿನ್ನ ಪತ್ರ ಬುಧವಾರ ಬಂತು. ಅದಕ್ಕೂ ಮೊದಲೇ ಸುದ್ದಿ ಬಂದಿತ್ತು. ಸಾಕ್ಷಿಗಳ ಹೆಸರು ಹೇಳಲು ಲೀಗಿನ ಕಾರ್ಯದರ್ಶಿ ನಿಮ್ಮಪ್ಪನಿಗೆ ಫೋನ್ ಮಾಡಿದ್ದರು, ಡ್ಯಾಫ್ನಿ ಕೇಳಿಸಿಕೊಂಡಿದ್ದಳು. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ಮೂರು ಗಂಟೆಗೆ ಅಂಗಡಿಯ ಗಾಜಿಗೆ ಕಲ್ಲು ಬಿತ್ತು. ಹೊಡೆದವನು ಸ್ಟ್ಯಾನ್. ಮುಚ್ಚಿಟ್ಟುಕೊಳ್ಳಲೂ ಇಲ್ಲ, ರಸ್ತೆಯ ನಡುವೆ ನಿಂತು ಹೊಡೆದ. 'ಮಗನಿಗೆ ಹೇಳು ಎನಿಡ್, ಇನ್ನೊಂದು ಕಣ್ಣೂ ಇದೆ ಅಂತ,' ಎಂದ. ಶುಕ್ರವಾರ ಚಪ್ಪಾಳೆ ತಟ್ಟಿದ್ದವರಲ್ಲಿ ಅವನೂ ಇದ್ದ.

ನಿಮ್ಮಪ್ಪನ ಬಲಗೈ ಊದಿದೆ, ಕತ್ತಿ ಹಿಡಿಯಲಾಗುತ್ತಿಲ್ಲ. ಸೋಮವಾರದಿಂದ ನಾನೇ ಕತ್ತರಿಸುತ್ತಿದ್ದೇನೆ, ಈಗ ಕೊಳ್ಳುವವರಿಲ್ಲ. ಇವತ್ತು ಬಂದದ್ದು ಲೂಮಿಸ್‌ನ ತಾಯಿ ಒಬ್ಬಳೇ. ಆರು ಚಾಪ್ಸ್ ಕೊಂಡು, ಈ ಸಲ ಪೊಟ್ಟಣ ತೆಗೆದುಕೊಂಡೇ ಹೋದಳು.

ನಿಮ್ಮಪ್ಪನಿಗೆ ನಿನ್ನ ಪತ್ರ ಓದಲು ಕೊಟ್ಟೆ. ಎರಡು ಸಲ ಓದಿದರು. 'ನೀನೂ ಹೋಗ್ತೀಯಾ?' ಎಂದರು. ಹೋಗುತ್ತೇನೆ ಎಂದೆ. 'ಹೋದ್ರೆ ಈ ಊರಲ್ಲಿ ಮತ್ತೆ ಅಂಗಡಿ ತೆಗೆಯೋಕಾಗಲ್ಲ ಕಣೆ.'

'ಹಂಗಾದ್ರೆ ಮುಚ್ಚೋಣ.'

ಅವರು ಊದಿದ ಕೈಯನ್ನು ಬಕೆಟ್ ನೀರಿನಲ್ಲಿ ಅದ್ದಿಕೊಂಡು ಕೂತರು.

ನಾನು ಸಮಿತಿಗೆ ಬರುವುದು ನಿನಗೆ ಬೆಂಬಲ ಕೊಡಲಿಕ್ಕಲ್ಲ. ಹೇಳಬೇಕಾದದ್ದು ನನ್ನಲ್ಲೇ ಇದೆ, ನೀನು ಕೇಳಿದ್ದು ಬೋಗ್‌ನ ಬಾಯಿಂದ ಮಾತ್ರ. ನನ್ನ ಭಾಗವನ್ನು ನಾನೇ ಹೇಳುತ್ತೇನೆ, ಆ ಪ್ರಶ್ನೆಯನ್ನು ನಿನಗೆ ಕೇಳಲು ಬಿಡುವುದಿಲ್ಲ. ಅಲ್ಲಿ ಹೇಳುವ ಮೊದಲು ನಿನಗೆ ಹೇಳಬೇಕು. ಹೆಮ್ಮೆಗೆ ಬಾಯಿ ತಪ್ಪಿತು ಎಂದು ಕಳೆದ ಪತ್ರದಲ್ಲಿ ಬರೆದೆ. ಅದು ನಿಜವಲ್ಲ. ಜೂನ್‌ನಲ್ಲಿ ನಿನ್ನ ಪತ್ರ ಬಂದ ಬುಧವಾರದಿಂದಲೇ ಯೋಚಿಸುತ್ತಿದ್ದೆ. ಆ ಸಂಜೆ ಟ್ರೇ ಕೆಳಗಿಟ್ಟು, ಹಿಂದಿರುಗಿ ಹೋಗಿ ಬಾಗಿಲು ಮುಚ್ಚಿ, ಆಮೇಲೆ ಹೇಳಿದೆ. ಬಾಯಿ ತಪ್ಪಿ ಆಡುವವರು ಬಾಗಿಲು ಮುಚ್ಚುವುದಿಲ್ಲ. ನನಗೆ ಟಾರ್ನುಕ್ ಗೆಲ್ಲಬೇಕಿತ್ತು. ನಿನಗೆ ಒಂದು ಪೆಟ್ಟು ಬೀಳುತ್ತದೆಂದು ಗೊತ್ತಿತ್ತು, ಎಷ್ಟು ಜೋರಾಗಿ ಎಂಬುದು ಮಾತ್ರ ಗೊತ್ತಿರಲಿಲ್ಲ.

ಇದನ್ನು ಓದಿದ ಮೇಲೆ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರಲು ನಿನಗೆ ಮನಸ್ಸಾಗದಿದ್ದರೆ ನಾನು ಹಿಂದೆ ಕೂರುತ್ತೇನೆ.

ಪ್ಯಾಟುಲೋನ ತಾಯಿಗೆ ಪತ್ರ ಬರೆಯಲು ಮೂರು ಸಲ ಕೂತೆ. ಆಗಲಿಲ್ಲ. ಹೋಗಿ ಎದುರಿಗೆ ನಿಲ್ಲುತ್ತೇನೆ.

ಮಂಗಳವಾರದ ಬಸ್ಸು ಇಲ್ಲಿಂದ ಎರಡಕ್ಕೆ ಹೊರಟು ಐದಕ್ಕೆ ಬರಾಂಗ್ ಸೇರುತ್ತದೆ. ನೀನು ನಿಲ್ದಾಣದಲ್ಲಿ ಕಾಯುತ್ತಿದ್ದರೆ, ಗಾಬರಿಯಾಗಬೇಡ, ನಾನು ನಿನ್ನ ಬಲಗಡೆಯಿಂದ ಬರುತ್ತೇನೆ.

ನಿನ್ನ ಅಮ್ಮ,
ಎನಿಡ್